ಮಂಡ್ಯ ಜಿಲ್ಲೆಯ ಆರ್ಥಿಕ ಅಭಿವೃದ್ಧಿಯಲ್ಲಿ ರಾಜಕೀಯ ಪಕ್ಷಗಳ ಪಾತ್ರ

ಮಂಡ್ಯ ಜಿಲ್ಲೆಯ ಆರ್ಥಿಕತೆಯು ಮುಖ್ಯವಾಗಿ ಕಾವೇರಿ ನೀರಾವರಿ, ಕಬ್ಬು, ಭತ್ತ, ಹೈನುಗಾರಿಕೆ ಮತ್ತು ರೇಷ್ಮೆಯನ್ನು ಅವಲಂಬಿಸಿದೆ. ನಾಲೆಗೆ ನೀರು ಬಿಡುವುದು, ಕಬ್ಬಿನ ಬೆಲೆ, ಹಾಲಿನ ಪ್ರೋತ್ಸಾಹಧನ, ಬೆಳೆಸಾಲದ ಬಡ್ಡಿ, ರೇಷ್ಮೆಯ ಆಮದು ಸುಂಕ ಇವೆಲ್ಲವೂ ಕೇಂದ್ರ ಅಥವಾ ರಾಜ್ಯ ಸರ್ಕಾರದ ತೀರ್ಮಾನಕ್ಕೆ ಒಳಪಟ್ಟ ವಿಷಯಗಳಾಗಿವೆ. ಆದ್ದರಿಂದ ಅಧಿಕಾರಕ್ಕೆ ಬರುವ ಪಕ್ಷಗಳ ನೀತಿಯು ಇಲ್ಲಿನ ಕೃಷಿಕ ಕುಟುಂಬಗಳ ಆದಾಯವನ್ನು ನೇರವಾಗಿ ತಟ್ಟುತ್ತದೆ. ರಾಜಕೀಯ ಪಕ್ಷಗಳು ಒಂದು ದೇಶದ ಅಥವಾ ಪ್ರದೇಶದ ಆರ್ಥಿಕ ಅಭಿವೃದ್ಧಿಯ ಮೇಲೆ ಹೇಗೆ ಪ್ರಭಾವ ಬೀರುತ್ತವೆ ಎಂಬುದನ್ನು ಅರಿಯಲು ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳು ಸ್ಪಷ್ಟ ಉದಾಹರಣೆಯನ್ನು ಒದಗಿಸುತ್ತವೆ. ಮದ್ದೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಿಕ್ಕರಸಿನಕೆರೆ (ಸಿ.ಎ. ಕೆರೆ) ಈ ಪ್ರದೇಶದಲ್ಲಿದೆ.

ಜಿಲ್ಲೆಯ ಆರ್ಥಿಕತೆಯ ಮೂಲ ಸೌಕರ್ಯಗಳಾದ ಅಣೆಕಟ್ಟು, ನಾಲೆ ಮತ್ತು ಮೊದಲ ಸಕ್ಕರೆ ಕಾರ್ಖಾನೆ ಪಕ್ಷಗಳು ಅಧಿಕಾರಕ್ಕೆ ಬರುವ ಮೊದಲೇ ನಿರ್ಮಾಣಗೊಂಡಿದ್ದವು. 1947ರ ನಂತರ ಪಕ್ಷಗಳ ಪ್ರಭಾವವು ಹೆಚ್ಚಾಗಿ ಈ ಸೌಕರ್ಯಗಳ ಫಲವನ್ನು ಯಾರಿಗೆ, ಯಾವ ಬೆಲೆಗೆ, ಎಷ್ಟು ಹಂಚಬೇಕು ಎಂಬ ಪ್ರಶ್ನೆಗಳಲ್ಲಿ ಕಂಡುಬಂದಿದೆ.

ಪರಿಕಲ್ಪನೆ

ಪಕ್ಷಗಳು ಆರ್ಥಿಕತೆಯ ಮೇಲೆ ಪ್ರಭಾವ ಬೀರುವ ಮಾರ್ಗಗಳನ್ನು ಸಾಮಾನ್ಯವಾಗಿ ನಾಲ್ಕಾಗಿ ವಿಂಗಡಿಸಬಹುದು.

1. ಶಾಸನ: ಭೂಮಿ, ಕಾರ್ಮಿಕ, ತೆರಿಗೆ, ಸಹಕಾರ ಮುಂತಾದ ವಿಷಯಗಳಲ್ಲಿ ಕಾನೂನು ರೂಪಿಸುವುದು.
2. ಆಯವ್ಯಯ: ಸಾರ್ವಜನಿಕ ಹಣವನ್ನು ಯಾವ ಕ್ಷೇತ್ರಕ್ಕೆ ಮತ್ತು ಯಾವ ಪ್ರದೇಶಕ್ಕೆ ನೀಡಬೇಕೆಂದು ತೀರ್ಮಾನಿಸುವುದು.
3. ಸಂಸ್ಥೆಗಳ ನಿರ್ವಹಣೆ: ಸರ್ಕಾರಿ ಕಾರ್ಖಾನೆ, ನಿಗಮ, ಸಹಕಾರ ಸಂಘಗಳಿಗೆ ಆಡಳಿತಗಾರರನ್ನು ನೇಮಿಸುವುದು.
4. ಬೇಡಿಕೆಯ ಸಂಘಟನೆ: ವಿರೋಧ ಪಕ್ಷದಲ್ಲಿದ್ದಾಗ ಜನರ ಬೇಡಿಕೆಗಳನ್ನು ಸರ್ಕಾರದ ಮುಂದಿಡುವುದು.

ಪಕ್ಷಗಳು ಮತ ಗಳಿಸಲು ನೀತಿಗಳನ್ನು ರೂಪಿಸುತ್ತವೆಯೇ ಹೊರತು ನೀತಿಗಳನ್ನು ಜಾರಿಗೊಳಿಸಲು ಮತ ಕೇಳುವುದಿಲ್ಲ ಎಂದು ಅಮೆರಿಕದ ಆಂಥೊನಿ ಡೌನ್ಸ್ 1957ರಲ್ಲಿ ವಾದಿಸಿದರು. ಚುನಾವಣೆ ಸಮೀಪಿಸಿದಾಗ ಸರ್ಕಾರಗಳು ತಕ್ಷಣ ಫಲ ನೀಡುವ ಆರ್ಥಿಕ ಕ್ರಮಗಳಿಗೆ ಒಲಿಯುತ್ತವೆ ಎಂಬ 'ರಾಜಕೀಯ ವ್ಯಾಪಾರ ಚಕ್ರ'ದ ಸಿದ್ಧಾಂತವನ್ನು ವಿಲಿಯಂ ನಾರ್ಡ್‌ಹೌಸ್ 1975ರಲ್ಲಿ ಮಂಡಿಸಿದರು. ಪಕ್ಷಗಳು ತಮ್ಮ ಬೆಂಬಲಿಗ ವರ್ಗಕ್ಕೆ ಅನುಗುಣವಾಗಿ ಭಿನ್ನ ಆರ್ಥಿಕ ಗುರಿಗಳನ್ನು ಹೊಂದಿರುತ್ತವೆ ಎಂಬುದು 1977ರಲ್ಲಿ ಡಗ್ಲಸ್ ಹಿಬ್ಸ್ ಮಂಡಿಸಿದ ವಾದ.

ಭಾರತದ ಸಂವಿಧಾನದಲ್ಲಿ ಕೃಷಿ, ಭೂಮಿ ಮತ್ತು ನೀರು ರಾಜ್ಯ ಪಟ್ಟಿಯಲ್ಲಿವೆ; ಅಂತರರಾಜ್ಯ ನದಿಗಳ ನಿಯಂತ್ರಣ ಹಾಗೂ ಆಮದು ಸುಂಕ ಕೇಂದ್ರ ಪಟ್ಟಿಯಲ್ಲಿವೆ. ಕಬ್ಬಿನ ಕನಿಷ್ಠ ಬೆಲೆಯನ್ನು ಅಗತ್ಯ ವಸ್ತುಗಳ ಕಾಯ್ದೆಯಡಿ ಹೊರಡಿಸಿದ 1966ರ ಕಬ್ಬು ನಿಯಂತ್ರಣ ಆದೇಶದಂತೆ ಕೇಂದ್ರ ಸರ್ಕಾರ ನಿಗದಿಪಡಿಸುತ್ತದೆ. ಹೀಗಾಗಿ ಮದ್ದೂರಿನ ಒಬ್ಬ ಕಬ್ಬು ಬೆಳೆಗಾರನ ಆದಾಯವು ಬೆಂಗಳೂರು ಮತ್ತು ದೆಹಲಿ ಎರಡೂ ಕಡೆಯ ಆಡಳಿತ ಪಕ್ಷಗಳ ತೀರ್ಮಾನವನ್ನು ಅವಲಂಬಿಸಿರುತ್ತದೆ. ಎರಡು ಕಡೆ ಬೇರೆ ಬೇರೆ ಪಕ್ಷಗಳಿದ್ದಾಗ ಹೊಣೆ ಯಾರದೆಂಬ ವಿವಾದ ಉಂಟಾಗುವುದು ಸಾಮಾನ್ಯ.

ಹಿನ್ನೆಲೆ: ಪಕ್ಷಪೂರ್ವ ಕಾಲದ ಅಡಿಪಾಯ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಸಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ ಕೃಷ್ಣರಾಜಸಾಗರ ಅಣೆಕಟ್ಟಿನ ಕಾಮಗಾರಿ ಆರಂಭವಾಗಿ 1930ರ ದಶಕದ ಮೊದಲ ವರ್ಷಗಳಲ್ಲಿ ಪೂರ್ಣಗೊಂಡಿತು. ಅಣೆಕಟ್ಟಿನಿಂದ ಹೊರಡುವ ಇರ್ವಿನ್ ನಾಲೆಯನ್ನು ನಂತರ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಿಸಲಾಯಿತು. ಮಳೆಯಾಶ್ರಿತ ರಾಗಿ ಬೆಳೆಯುತ್ತಿದ್ದ ವಿಶಾಲ ಪ್ರದೇಶವು ಈ ನಾಲೆಯಿಂದ ಕಬ್ಬು ಮತ್ತು ಭತ್ತದ ಬಯಲಾಯಿತು.

ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ (ಮೈಷುಗರ್) ಮಂಡ್ಯದಲ್ಲಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಸ್ಥಾಪನೆಯಲ್ಲಿ ಮುಖ್ಯ ಪಾತ್ರ ವಹಿಸಿದರು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ರಚನೆಯಾಯಿತು. ಈ ತೀರ್ಮಾನಗಳು ಚುನಾಯಿತ ಸರ್ಕಾರದಿಂದಲ್ಲದೆ ರಾಜಾಡಳಿತದಿಂದ ಬಂದವು.

ಪಕ್ಷ ರಾಜಕಾರಣದ ಆರಂಭ

ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಸ್ಥಾಪನೆಯಾದ ಪ್ರಜಾಮಿತ್ರ ಮಂಡಳಿಯು ಬ್ರಾಹ್ಮಣೇತರ ಸಮುದಾಯಗಳಿಗೆ ಸರ್ಕಾರಿ ಉದ್ಯೋಗ ಮತ್ತು ಶಿಕ್ಷಣದಲ್ಲಿ ಪಾಲು ಕೇಳಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವರದಿಯ ಆಧಾರದ ಮೇಲೆ ಸಂಸ್ಥಾನದಲ್ಲಿ ಮೀಸಲಾತಿ ಜಾರಿಗೆ ಬಂದಿತು. ರೈತಾಪಿ ಕುಟುಂಬಗಳ ಮಕ್ಕಳಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆದ ಈ ಬೆಳವಣಿಗೆಯು ರಾಜಕೀಯ ಸಂಘಟನೆಯ ಮೂಲಕ ದೊರೆತ ಆರಂಭಿಕ ಆರ್ಥಿಕ ಫಲಗಳಲ್ಲಿ ಒಂದು. ಮುಂದೆ ರಚನೆಯಾದ ಪ್ರಜಾ ಸಂಯುಕ್ತ ಪಕ್ಷವು 1937ರಲ್ಲಿ ಕಾಂಗ್ರೆಸ್‌ನೊಂದಿಗೆ ವಿಲೀನವಾಯಿತು.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್‌ನ ಅಧಿವೇಶನ ನಡೆಯಿತು. ನಿಷೇಧಾಜ್ಞೆಯನ್ನು ಮೀರಿ ಅಲ್ಲಿ ಧ್ವಜಾರೋಹಣ ಮಾಡಲಾಯಿತು. ಶಿವಪುರ ಧ್ವಜ ಸತ್ಯಾಗ್ರಹವೆಂದು ಹೆಸರಾದ ಈ ಘಟನೆಯು ಸಂಸ್ಥಾನದ ಕಾಂಗ್ರೆಸ್ಸನ್ನು ನಗರಗಳಿಂದ ಹಳ್ಳಿಗಳಿಗೆ ವಿಸ್ತರಿಸಿತು. 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ರಚನೆಯಾದಾಗ ನಾಲೆ, ವಿದ್ಯುತ್ ಕೇಂದ್ರ ಮತ್ತು ಕಾರ್ಖಾನೆಗಳ ಆಡಳಿತ ಮೊದಲ ಬಾರಿಗೆ ಪಕ್ಷವೊಂದರ ಕೈಗೆ ಬಂದಿತು.

ಚುನಾವಣಾ ಸ್ಪರ್ಧೆ

ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಪ್ರಾಬಲ್ಯವಿದ್ದರೂ ಮಂಡ್ಯದಲ್ಲಿ ಅದಕ್ಕೆ ಬೇಗನೆ ಪೈಪೋಟಿ ಎದುರಾಯಿತು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1962ರಲ್ಲಿ ಮದ್ದೂರು ಕ್ಷೇತ್ರದಿಂದ ಪಕ್ಷೇತರರಾಗಿ ಸ್ಪರ್ಧಿಸಿ ಕಾಂಗ್ರೆಸ್‌ನ ಕೆ.ವಿ. ಶಂಕರಗೌಡರನ್ನು ಸೋಲಿಸಿದರು. 1968ರ ಉಪಚುನಾವಣೆಯಲ್ಲಿ ಅವರು ಪ್ರಜಾ ಸಮಾಜವಾದಿ ಪಕ್ಷದಿಂದ ಲೋಕಸಭೆಗೆ ಆಯ್ಕೆಯಾಗಿ, ಆನಂತರ ಕಾಂಗ್ರೆಸ್ ಸೇರಿದರು. 1983ರಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂದ ಬಳಿಕ ಜನತಾ ಪಕ್ಷ, ನಂತರ ಜನತಾದಳ ಮತ್ತು ಜಾತ್ಯತೀತ ಜನತಾದಳ ಇಲ್ಲಿ ಕಾಂಗ್ರೆಸ್‌ನ ಪ್ರಮುಖ ಪ್ರತಿಸ್ಪರ್ಧಿಗಳಾದವು.

2018ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಏಳೂ ಕ್ಷೇತ್ರಗಳನ್ನು ಜಾತ್ಯತೀತ ಜನತಾದಳ ಗೆದ್ದಿತು. 2019ರ ಉಪಚುನಾವಣೆಯಲ್ಲಿ ಕೃಷ್ಣರಾಜಪೇಟೆ ಕ್ಷೇತ್ರವನ್ನು ಭಾರತೀಯ ಜನತಾ ಪಕ್ಷ ಪಡೆಯಿತು. 2023ರಲ್ಲಿ ಕಾಂಗ್ರೆಸ್ ಐದು, ಜಾತ್ಯತೀತ ಜನತಾದಳ ಒಂದು ಮತ್ತು ಸರ್ವೋದಯ ಕರ್ನಾಟಕ ಪಕ್ಷ ಒಂದು ಸ್ಥಾನ ಗಳಿಸಿದವು. 2024ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯೊಂದಿಗಿನ ಮೈತ್ರಿಯಲ್ಲಿ ಜಾತ್ಯತೀತ ಜನತಾದಳದ ಎಚ್.ಡಿ. ಕುಮಾರಸ್ವಾಮಿ ಆಯ್ಕೆಯಾಗಿ ಕೇಂದ್ರದ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರಾದರು. ಐದು ವರ್ಷಗಳಲ್ಲಿ ಜಿಲ್ಲೆಯ ಬಹುಪಾಲು ಕ್ಷೇತ್ರಗಳು ಒಂದು ಪಕ್ಷದಿಂದ ಇನ್ನೊಂದಕ್ಕೆ ಹೊರಳುವಷ್ಟು ಸ್ಪರ್ಧೆ ತೀವ್ರವಾಗಿರುವುದರಿಂದ ಕೃಷಿಕರ ಬೇಡಿಕೆಗಳನ್ನು ಕಡೆಗಣಿಸುವುದು ಯಾವ ಪಕ್ಷಕ್ಕೂ ಸುಲಭವಲ್ಲ.

ಭೂಮಿ

1961ರ ಭೂಸುಧಾರಣಾ ಕಾಯ್ದೆಗೆ ಡಿ. ದೇವರಾಜ ಅರಸು ನೇತೃತ್ವದ ಕಾಂಗ್ರೆಸ್ ಸರ್ಕಾರ ತಂದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿ ಪದ್ಧತಿ ರದ್ದಾಗಿ, ಉಳುವವರು ಭೂ ನ್ಯಾಯಮಂಡಳಿಗಳಿಗೆ ಅರ್ಜಿ ಸಲ್ಲಿಸಿ ಭೂಮಿಯ ಒಡೆತನ ಪಡೆಯಲು ಅವಕಾಶವಾಯಿತು. ಮಂಡ್ಯ ಭಾಗದಲ್ಲಿ ಸ್ವಂತ ಭೂಮಿಯಲ್ಲಿ ದುಡಿಯುವ ಸಣ್ಣ ಹಿಡುವಳಿದಾರರೇ ಹೆಚ್ಚಾಗಿದ್ದುದರಿಂದ ಇದರ ಪರಿಣಾಮ ಕರಾವಳಿ ಜಿಲ್ಲೆಗಳಲ್ಲಿದ್ದಷ್ಟು ವ್ಯಾಪಕವಾಗಿರಲಿಲ್ಲ. ಅದೇ ಸರ್ಕಾರದ 1976ರ ಋಣ ಪರಿಹಾರ ಕಾಯ್ದೆಯು ಲೇವಾದೇವಿದಾರರಿಂದ ಸಾಲ ಪಡೆದಿದ್ದ ದುರ್ಬಲ ವರ್ಗದವರಿಗೆ ನೆರವಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಯನ್ನು ನಿಷೇಧಿಸುವ ಕಾಯ್ದೆ 1978ರಲ್ಲಿ ಬಂದಿತು.

2020ರಲ್ಲಿ ಬಿ.ಎಸ್. ಯಡಿಯೂರಪ್ಪ ನೇತೃತ್ವದ ಬಿಜೆಪಿ ಸರ್ಕಾರವು ಕೃಷಿಕರಲ್ಲದವರು ಕೃಷಿ ಭೂಮಿ ಖರೀದಿಸುವುದಕ್ಕೆ ಇದ್ದ ನಿರ್ಬಂಧಗಳನ್ನು ತೆಗೆದುಹಾಕಿತು. ಬಂಡವಾಳ ಹೂಡಿಕೆಗೆ ಇದು ಅನುಕೂಲವೆಂದು ಸರ್ಕಾರ ಸಮರ್ಥಿಸಿಕೊಂಡಿತು. ಸಣ್ಣ ರೈತರು ಭೂಮಿ ಕಳೆದುಕೊಳ್ಳುತ್ತಾರೆಂದು ರೈತ ಸಂಘಟನೆಗಳು ಪ್ರತಿಭಟಿಸಿದವು. ಆಡಳಿತ ಪಕ್ಷ ಬದಲಾದಾಗ ಅದೇ ಕಾಯ್ದೆಯ ದಿಕ್ಕು ಹೇಗೆ ಬದಲಾಗಬಹುದು ಎಂಬುದಕ್ಕೆ 1974 ಮತ್ತು 2020ರ ತಿದ್ದುಪಡಿಗಳು ನಿದರ್ಶನವಾಗಿವೆ.

ನೀರಾವರಿ ಮತ್ತು ಕಾವೇರಿ ವಿವಾದ

ಪಕ್ಷಭೇದವು ಅತ್ಯಂತ ಕಡಿಮೆ ಕಾಣುವ ಕ್ಷೇತ್ರ ಕಾವೇರಿ ನದಿ ನೀರಿನ ಹಂಚಿಕೆ. 1924ರ ಮದ್ರಾಸ್–ಮೈಸೂರು ಒಪ್ಪಂದದ ಅವಧಿ ಕುರಿತು ಎರಡೂ ರಾಜ್ಯಗಳ ನಡುವೆ ಭಿನ್ನಾಭಿಪ್ರಾಯ ಮುಂದುವರಿದು, 1990ರಲ್ಲಿ ಕೇಂದ್ರದ ವಿ.ಪಿ. ಸಿಂಗ್ ಸರ್ಕಾರ ನ್ಯಾಯಮಂಡಳಿಯನ್ನು ರಚಿಸಿತು. ತಮಿಳುನಾಡಿಗೆ ವಾರ್ಷಿಕ 205 ಟಿಎಂಸಿ ಅಡಿ ನೀರು ಹರಿಸಬೇಕೆಂಬ 1991ರ ಮಧ್ಯಂತರ ಆದೇಶದ ವಿರುದ್ಧ ಎಸ್. ಬಂಗಾರಪ್ಪ ನೇತೃತ್ವದ ಕಾಂಗ್ರೆಸ್ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2002ರ ಬರಗಾಲದಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಕೈಗೊಂಡರು. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರನ್ನು ಕುಡಿಯುವ ಉದ್ದೇಶಕ್ಕೆ ಮಾತ್ರ ಬಳಸುವ ನಿರ್ಣಯವನ್ನು ವಿಧಾನಮಂಡಲದ ವಿಶೇಷ ಅಧಿವೇಶನ ಸರ್ವಾನುಮತದಿಂದ ಅಂಗೀಕರಿಸಿತು.

ನ್ಯಾಯಮಂಡಳಿಯ 2007ರ ಅಂತಿಮ ತೀರ್ಪು ಕರ್ನಾಟಕಕ್ಕೆ 270 ಟಿಎಂಸಿ ಅಡಿ ನೀಡಿತ್ತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಇದನ್ನು 284.75 ಟಿಎಂಸಿ ಅಡಿಗೆ ಹೆಚ್ಚಿಸಿತು. ಹೆಚ್ಚುವರಿ ಪಾಲಿನಲ್ಲಿ 4.75 ಟಿಎಂಸಿ ಅಡಿ ಬೆಂಗಳೂರಿನ ಕುಡಿಯುವ ನೀರು ಮತ್ತಿತರ ಬಳಕೆಗೆ ಸಂಬಂಧಿಸಿದ್ದು. ಮಂಡ್ಯ ಭಾಗದಲ್ಲಿ ಈ ವಿಷಯದ ಹೋರಾಟವನ್ನು ಪಕ್ಷಗಳಿಗಿಂತ ಹೆಚ್ಚಾಗಿ ಕಾವೇರಿ ಹಿತರಕ್ಷಣಾ ಸಮಿತಿ ಮುನ್ನಡೆಸಿತು. ಅದರ ನಾಯಕರಾಗಿದ್ದ ಮಾಜಿ ಸಂಸದ ಜಿ. ಮಾದೇಗೌಡರು ಕಾಂಗ್ರೆಸ್ಸಿಗರಾಗಿದ್ದರೂ ತಮ್ಮದೇ ಪಕ್ಷದ ಸರ್ಕಾರದ ವಿರುದ್ಧ ಚಳವಳಿ ನಡೆಸಿದ್ದರು.

ಜಿಲ್ಲೆಯೊಳಗಿನ ನೀರಿನ ಹಂಚಿಕೆ ಬೇರೊಂದು ಪ್ರಶ್ನೆ. ಜಲಾಶಯದ ಮಟ್ಟ ನೋಡಿಕೊಂಡು ನಾಲೆಗೆ ಯಾವಾಗ, ಎಷ್ಟು ದಿನ ನೀರು ಬಿಡಬೇಕೆಂಬುದನ್ನು ಸಚಿವರು, ಶಾಸಕರು ಮತ್ತು ಅಧಿಕಾರಿಗಳಿರುವ ನೀರಾವರಿ ಸಲಹಾ ಸಮಿತಿ ಚರ್ಚಿಸಿ ತೀರ್ಮಾನಿಸುತ್ತದೆ. ನೀರು ಕಡಿಮೆಯಿರುವ ವರ್ಷಗಳಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ನಿಗದಿತ ದಿನಗಳ ಕಾಲ ಹರಿಸಿ ನಿಲ್ಲಿಸುವ ಕ್ರಮದಲ್ಲಿ, ನೀರು ಬಿಡಲಾಗುತ್ತದೆ. ಆಗ ನಾಲೆಯ ಮೇಲ್ಭಾಗದ ಗದ್ದೆಗಳಿಗೆ ಮೊದಲು ನೀರು ದೊರೆತು, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕೊನೆಯ ಭಾಗಕ್ಕೆ ತಡವಾಗಿ ತಲಪುತ್ತದೆ. ನಾಲೆಯ ಆಧುನೀಕರಣಕ್ಕೆ ವಿವಿಧ ಸರ್ಕಾರಗಳು ಅನುದಾನ ನೀಡಿವೆ. ಕಾಮಗಾರಿಯ ಫಲವನ್ನು ಕೊನೆಯ ಭಾಗದ ರೈತರು ಅಳೆಯುವುದು ತಮ್ಮ ಗದ್ದೆಗೆ ಸಕಾಲದಲ್ಲಿ ನೀರು ಬಂದಿತೇ ಎಂಬುದರಿಂದ.

ಕಬ್ಬು ಮತ್ತು ಸಕ್ಕರೆ ಉದ್ಯಮ

ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಮೂರು ಬಗೆಯ ಒಡೆತನ ಕಂಡುಬರುತ್ತದೆ. ಮಂಡ್ಯದ ಮೈಷುಗರ್ ಸರ್ಕಾರಿ ಸ್ವಾಮ್ಯದ್ದು; ಪಾಂಡವಪುರದ ಕಾರ್ಖಾನೆ ಸಹಕಾರಿ ಕ್ಷೇತ್ರದಲ್ಲಿ ಆರಂಭವಾದುದು; ಚಿಕ್ಕರಸಿನಕೆರೆ ಸಮೀಪದ ಕೆ.ಎಂ. ದೊಡ್ಡಿ (ಭಾರತೀನಗರ), ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆಗಳು ಖಾಸಗಿಯವು. ಇವುಗಳ ಜೊತೆಗೆ ಹಳ್ಳಿಗಳಲ್ಲಿ ಬೆಲ್ಲ ತಯಾರಿಸುವ ಆಲೆಮನೆಗಳಿವೆ. ಕಾರ್ಖಾನೆ ಕಬ್ಬು ಅರೆಯುವುದನ್ನು ನಿಲ್ಲಿಸಿದಾಗ ಅಥವಾ ಹಣ ಪಾವತಿ ತಡವಾದಾಗ ಬೆಳೆಗಾರರಿಗೆ ಆಲೆಮನೆಯೇ ಪರ್ಯಾಯ ಮಾರುಕಟ್ಟೆಯಾಗುತ್ತದೆ.

ಕೇಂದ್ರದ ನೀತಿಗಳು ಈ ಉದ್ಯಮದ ರೂಪವನ್ನು ಬದಲಿಸಿವೆ. 1998ರಲ್ಲಿ ಅಟಲ್ ಬಿಹಾರಿ ವಾಜಪೇಯಿ ಸರ್ಕಾರ ಸಕ್ಕರೆ ಉದ್ಯಮವನ್ನು ಪರವಾನಗಿ ವ್ಯವಸ್ಥೆಯಿಂದ ಮುಕ್ತಗೊಳಿಸಿತು. 2009ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ಶಾಸನಬದ್ಧ ಕನಿಷ್ಠ ಬೆಲೆಯ ಬದಲಿಗೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ (ಎಫ್‌ಆರ್‌ಪಿ) ಪದ್ಧತಿಯನ್ನು ತಂದಿತು. 2013ರಲ್ಲಿ ಲೆವಿ ಸಕ್ಕರೆಯ ಕಡ್ಡಾಯ ರದ್ದಾಯಿತು. 1966ರ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ಶೇ. 15ರ ಬಡ್ಡಿ ನೀಡಬೇಕು. ಈ ನಿಯಮವಿದ್ದರೂ ಬಾಕಿ ಪಾವತಿಯು ಪ್ರತಿಯೊಂದು ಸರ್ಕಾರದ ಅವಧಿಯಲ್ಲೂ ರೈತ ಚಳವಳಿಯ ವಿಷಯವಾಗಿ ಉಳಿದಿದೆ. 2015ರಲ್ಲಿ ಸಕ್ಕರೆ ಬೆಲೆ ಕುಸಿತ, ಬಾಕಿ ಮತ್ತು ಸಾಲದ ಒತ್ತಡದ ನಡುವೆ ಜಿಲ್ಲೆಯಲ್ಲಿ ಹಲವು ಬೆಳೆಗಾರರು ಆತ್ಮಹತ್ಯೆ ಮಾಡಿಕೊಂಡರು.

ಮೈಷುಗರ್‌ನ ಇತಿಹಾಸವು ಸರ್ಕಾರಿ ಉದ್ಯಮದ ಮೇಲೆ ಪಕ್ಷಗಳ ಪ್ರಭಾವದ ಎರಡೂ ಮುಖಗಳನ್ನು ತೋರಿಸುತ್ತದೆ. ಅದರ ಅಧ್ಯಕ್ಷ ಹುದ್ದೆಗೆ ಸರ್ಕಾರವೇ ನೇಮಕ ಮಾಡುವುದರಿಂದ ಆಡಳಿತವು ರಾಜಕೀಯ ಬದಲಾವಣೆಗೆ ಒಳಪಟ್ಟಿತ್ತು. ಹಳೆಯ ಯಂತ್ರೋಪಕರಣ ಮತ್ತು ನಷ್ಟದಿಂದ ಕಾರ್ಖಾನೆ ಮತ್ತೆ ಮತ್ತೆ ಸ್ಥಗಿತಗೊಂಡಿತು. ಸರ್ಕಾರಗಳು ಹಲವು ಬಾರಿ ಹಣ ನೀಡಿ ಅದನ್ನು ಉಳಿಸಿಕೊಂಡವು. 2019ರ ಫೆಬ್ರವರಿಯಲ್ಲಿ ಕುಮಾರಸ್ವಾಮಿ ನೇತೃತ್ವದ ಸಮ್ಮಿಶ್ರ ಸರ್ಕಾರವು ಆಯವ್ಯಯದಲ್ಲಿ ಮಂಡ್ಯಕ್ಕೆ ಹೊಸ ಸಕ್ಕರೆ ಕಾರ್ಖಾನೆಯನ್ನು ಘೋಷಿಸಿತು. ಅದೇ ವರ್ಷದ ಜುಲೈಯಲ್ಲಿ ಸರ್ಕಾರ ಪತನವಾದ ಬಳಿಕ ಚರ್ಚೆಯು ಹಳೆಯ ಕಾರ್ಖಾನೆಯನ್ನು ಖಾಸಗಿಯವರಿಗೆ ವಹಿಸುವತ್ತ ತಿರುಗಿತು. ವಿರೋಧ ಪಕ್ಷಗಳು ಮತ್ತು ರೈತ ಸಂಘಟನೆಗಳು ಇದನ್ನು ವಿರೋಧಿಸಿದವು. 2021ರಲ್ಲಿ ಬಸವರಾಜ ಬೊಮ್ಮಾಯಿ ನೇತೃತ್ವದ ಬಿಜೆಪಿ ಸರ್ಕಾರವು ಕಾರ್ಖಾನೆಯನ್ನು ಸರ್ಕಾರಿ ಸ್ವಾಮ್ಯದಲ್ಲಿಯೇ ನಡೆಸಲು ತೀರ್ಮಾನಿಸಿತು. 2022ರಲ್ಲಿ ಕಬ್ಬು ಅರೆಯುವಿಕೆ ಮತ್ತೆ ಆರಂಭವಾಯಿತು. ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ ದೀರ್ಘಾವಧಿ ಗುತ್ತಿಗೆಗೆ ನೀಡಲಾಗಿತ್ತು.

ಹೈನುಗಾರಿಕೆ ಮತ್ತು ರೇಷ್ಮೆ

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ (ಮನ್‌ಮುಲ್) ಕೇಂದ್ರ ಡೇರಿ ಇದೆ. ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳು ಇದಕ್ಕೆ ಹಾಲು ಪೂರೈಸುತ್ತವೆ. ಕಬ್ಬಿನ ಹಣ ಬರಲು ತಿಂಗಳುಗಳೇ ಹಿಡಿಯುವಾಗ ಹಾಲಿನ ಹಣ ಕಡಿಮೆ ಅಂತರದಲ್ಲಿ ಕೈಸೇರುವುದರಿಂದ ಸಣ್ಣ ಹಿಡುವಳಿದಾರರಿಗೂ ಭೂರಹಿತರಿಗೂ ಇದು ಆಸರೆಯಾಗಿದೆ.

2008ರಲ್ಲಿ ಯಡಿಯೂರಪ್ಪ ಸರ್ಕಾರ ಸಹಕಾರ ಸಂಘಗಳಿಗೆ ಹಾಲು ಹಾಕುವವರಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭಿಸಿತು. ಸಿದ್ದರಾಮಯ್ಯ ನೇತೃತ್ವದ ಕಾಂಗ್ರೆಸ್ ಸರ್ಕಾರ ಇದನ್ನು 2013ರಲ್ಲಿ 4 ರೂಪಾಯಿಗೆ, 2016ರಲ್ಲಿ 5 ರೂಪಾಯಿಗೆ ಹೆಚ್ಚಿಸಿತು. ಒಂದು ಪಕ್ಷ ಆರಂಭಿಸಿದ ಯೋಜನೆಯನ್ನು ಪ್ರತಿಸ್ಪರ್ಧಿ ಪಕ್ಷವು ರದ್ದುಗೊಳಿಸದೆ ವಿಸ್ತರಿಸಿದುದಕ್ಕೆ ಇದು ಗಮನಾರ್ಹ ಉದಾಹರಣೆ. ಹಾಲು ಹಾಕುವ ಕುಟುಂಬಗಳು ಎಲ್ಲ ಪಕ್ಷಗಳ ಮತದಾರರಲ್ಲಿಯೂ ಇರುವುದು ಮತ್ತು ಹಣ ಸಂಘದ ಮೂಲಕ ನಿಶ್ಚಿತ ಲೆಕ್ಕದಲ್ಲಿ ತಲಪುವುದು ಇದರ ಮುಂದುವರಿಕೆಗೆ ನೆರವಾದ ಅಂಶಗಳು.

ರೇಷ್ಮೆಯ ಸ್ಥಿತಿ ಇದಕ್ಕಿಂತ ಭಿನ್ನ. ಮದ್ದೂರು ಮತ್ತು ಮಳವಳ್ಳಿ ಭಾಗದ ಹಿಪ್ಪುನೇರಳೆ ಬೆಳೆಗಾರರ ಗೂಡಿನ ಬೆಲೆಯು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಅವಲಂಬಿಸಿದೆ. 2011ರ ಕೇಂದ್ರ ಆಯವ್ಯಯದಲ್ಲಿ ಈ ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರೈತರು ಪ್ರತಿಭಟಿಸಿದರು. 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ನೇಕಾರರಿಗೆ ಅಗ್ಗದ ನೂಲು ಬೇಕು, ಬೆಳೆಗಾರರಿಗೆ ಗೂಡಿಗೆ ಉತ್ತಮ ಬೆಲೆ ಬೇಕು. ಪಕ್ಷಗಳು ಈ ಎರಡು ಹಿತಾಸಕ್ತಿಗಳ ನಡುವೆ ಆಯ್ಕೆ ಮಾಡಬೇಕಾಗುತ್ತದೆ.

ಕೃಷಿ ಸಾಲ ಮತ್ತು ಸಾಲಮನ್ನಾ

ಸಾಲಮನ್ನಾ ಎಲ್ಲ ಪ್ರಮುಖ ಪಕ್ಷಗಳೂ ಬಳಸಿದ ಕ್ರಮವಾಗಿದೆ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿವರೆಗಿನ ಸಾಲಕ್ಕೆ ಪರಿಹಾರ ಘೋಷಿಸಿತು. 2008ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ದೇಶವ್ಯಾಪಿ ಸಾಲಮನ್ನಾ ಜಾರಿಗೊಳಿಸಿತು. 2017ರಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರಿ ಸಂಸ್ಥೆಗಳಲ್ಲಿನ 50,000 ರೂಪಾಯಿವರೆಗಿನ ಬೆಳೆಸಾಲವನ್ನು ಮನ್ನಾ ಮಾಡಿತು. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ವಾಣಿಜ್ಯ ಬ್ಯಾಂಕುಗಳ ಬೆಳೆಸಾಲಕ್ಕೂ ಮನ್ನಾ ವಿಸ್ತರಿಸಿತು.

ಬೆಳೆ ನಷ್ಟದ ವರ್ಷದಲ್ಲಿ ಸಾಲಮನ್ನಾ ಕುಟುಂಬವನ್ನು ಉಳಿಸಬಲ್ಲದು. ಆದರೆ ಭೂ ದಾಖಲೆಯಲ್ಲಿ ಹೆಸರಿಲ್ಲದ ಗೇಣಿ ಕೃಷಿಕರು ಮತ್ತು ಲೇವಾದೇವಿದಾರರಿಂದ ಸಾಲ ಪಡೆದವರು ಸಾಮಾನ್ಯವಾಗಿ ಇದರಿಂದ ಹೊರಗುಳಿಯುತ್ತಾರೆ. ಬೆಲೆ ಮತ್ತು ನೀರಿನ ಸಮಸ್ಯೆ ಬಗೆಹರಿಯದಿದ್ದರೆ ಸಾಲ ಮತ್ತೆ ಬೆಳೆಯುತ್ತದೆ ಎಂಬುದು ಮತ್ತೊಂದು ಟೀಕೆ.

ಶಿಕ್ಷಣ, ರಸ್ತೆ ಮತ್ತು ಕಲ್ಯಾಣ ಯೋಜನೆಗಳು

ಮಂಡ್ಯದಲ್ಲಿ ರಾಜಕೀಯ ನಾಯಕರು ಶಿಕ್ಷಣ ಸಂಸ್ಥೆಗಳ ಮೂಲಕವೂ ಅಭಿವೃದ್ಧಿಯಲ್ಲಿ ಪಾಲ್ಗೊಂಡರು. ಕೆ.ವಿ. ಶಂಕರಗೌಡರು ಕಟ್ಟಿದ ಜನತಾ ಶಿಕ್ಷಣ ಟ್ರಸ್ಟ್‌ನ ಪಿಇಎಸ್ ಎಂಜಿನಿಯರಿಂಗ್ ಕಾಲೇಜು 1962ರಲ್ಲಿ ಆರಂಭವಾಯಿತು. ಜಿ. ಮಾದೇಗೌಡರು ಕೆ.ಎಂ. ದೊಡ್ಡಿಯಲ್ಲಿ ಭಾರತೀ ವಿದ್ಯಾಸಂಸ್ಥೆಯನ್ನು ಬೆಳೆಸಿದರು. ಇವುಗಳಿಂದ ಸುತ್ತಲಿನ ಹಳ್ಳಿಗಳ ವಿದ್ಯಾರ್ಥಿಗಳಿಗೆ ಊರಿನ ಸಮೀಪದಲ್ಲಿಯೇ ಉನ್ನತ ಶಿಕ್ಷಣ ದೊರೆಯಿತು.

2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯನ್ನು ಉದ್ಘಾಟಿಸಿದರು. ಯೋಜನೆಯ ಶ್ರೇಯಸ್ಸಿನ ಬಗ್ಗೆ ಬಿಜೆಪಿ, ಕಾಂಗ್ರೆಸ್ ಮತ್ತು ಜಾತ್ಯತೀತ ಜನತಾದಳ ಪರಸ್ಪರ ವಾದಿಸಿದವು. ಪ್ರಯಾಣದ ಅವಧಿ ಕಡಿಮೆಯಾಯಿತು. ವಾಹನಗಳು ಪಟ್ಟಣಗಳನ್ನು ಹೊರತುಪಡಿಸಿ ಸಾಗುವುದರಿಂದ ಹಳೆಯ ರಸ್ತೆ ಬದಿಯ ಹೋಟೆಲು, ಅಂಗಡಿಗಳ ವ್ಯಾಪಾರಕ್ಕೆ ಪೆಟ್ಟು ಬಿದ್ದಿತು. ಮದ್ದೂರು ವಡೆಗೆ ಹೆಸರಾದ ಮದ್ದೂರು ಪಟ್ಟಣದ ವ್ಯಾಪಾರಿಗಳೂ ಇದರ ಪರಿಣಾಮ ಅನುಭವಿಸಿದರು.

ಕಲ್ಯಾಣ ಯೋಜನೆಗಳಲ್ಲಿ ಎಸ್.ಎಂ. ಕೃಷ್ಣ ಸರ್ಕಾರ ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭಿಸಿದ ಯಶಸ್ವಿನಿ ಆರೋಗ್ಯ ಯೋಜನೆ, 2013ರ ಅನ್ನಭಾಗ್ಯ ಮತ್ತು 2023ರಲ್ಲಿ ಕಾಂಗ್ರೆಸ್ ಸರ್ಕಾರ ಜಾರಿಗೊಳಿಸಿದ ಗ್ಯಾರಂಟಿ ಯೋಜನೆಗಳು ಪ್ರಮುಖವಾದವು. ಗೃಹಲಕ್ಷ್ಮಿ ಯೋಜನೆಯಡಿ ಕುಟುಂಬದ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡಲಾಗುತ್ತದೆ; ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಇವು ಗ್ರಾಮೀಣ ಮಹಿಳೆಯರ ಕೈಗೆ ನೇರವಾಗಿ ಹಣ ತಲಪಿಸುತ್ತವೆ ಎಂಬುದು ಬೆಂಬಲಿಗರ ವಾದ. ರಸ್ತೆ, ನೀರಾವರಿಯಂತಹ ಬಂಡವಾಳ ವೆಚ್ಚಕ್ಕೆ ಹಣ ಕಡಿಮೆಯಾಗುತ್ತದೆ ಎಂಬುದು ಟೀಕಾಕಾರರ ವಾದ.

ಹೋಬಳಿ ಮಟ್ಟದ ಸಂಸ್ಥೆಗಳು

ಚಿಕ್ಕರಸಿನಕೆರೆಯಂತಹ ಹೋಬಳಿ ಕೇಂದ್ರಗಳಲ್ಲಿ ಭಿನ್ನ ಪಕ್ಷಗಳ ಸರ್ಕಾರಗಳು ಬಿಟ್ಟುಹೋದ ವ್ಯವಸ್ಥೆಗಳು ಒಂದರ ಮೇಲೊಂದು ಸೇರಿಕೊಂಡಿವೆ. ರಾಮಕೃಷ್ಣ ಹೆಗಡೆ ನೇತೃತ್ವದ ಜನತಾ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಪ್ರಯತ್ನದಿಂದ 1983ರ ಕಾಯ್ದೆ ರೂಪುಗೊಂಡು, 1987ರಲ್ಲಿ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿಯ ನಂತರ 1993ರ ಪಂಚಾಯತ್ ರಾಜ್ ಕಾಯ್ದೆ ಇದರ ಸ್ಥಾನದಲ್ಲಿ ಬಂದಿತು. ಎಸ್.ಎಂ. ಕೃಷ್ಣ ಸರ್ಕಾರದ ಅವಧಿಯಲ್ಲಿ ಬಿತ್ತನೆ ಬೀಜ ಮತ್ತು ಮಾಹಿತಿ ಒದಗಿಸುವ ರೈತ ಸಂಪರ್ಕ ಕೇಂದ್ರಗಳು ಹೋಬಳಿಗಳಲ್ಲಿ ಆರಂಭವಾದವು. ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕರಣಗೊಂಡವು. 2012ರಲ್ಲಿ ಬಿಜೆಪಿ ಸರ್ಕಾರ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳನ್ನು ತೆರೆಯಿತು. ನಂತರ ಬಂದ ಸರ್ಕಾರಗಳು ಈ ಸೇವೆಗಳನ್ನು ಮುಂದುವರಿಸಿದವು.

ಗ್ರಾಮ ಪಂಚಾಯಿತಿ ಚುನಾವಣೆಗಳು ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತವೆಯಾದರೂ ಅಭ್ಯರ್ಥಿಗಳ ಪಕ್ಷನಿಷ್ಠೆ ಊರಿಗೆಲ್ಲ ತಿಳಿದಿರುತ್ತದೆ. ಸಹಕಾರ ಸಂಘಗಳ ಚುನಾವಣೆಗಳಲ್ಲೂ ಇದೇ ಸ್ಥಿತಿ ಇದೆ. ಚಿಹ್ನೆಯ ಮೇಲೆ ನಡೆಯುವ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಈ ಅವಧಿಯಲ್ಲಿ ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ಅಧಿಕಾರದಲ್ಲಿದ್ದವು.

ರೈತ ಚಳವಳಿಯ ಪ್ರಭಾವ

1980ರ ನರಗುಂದ–ನವಲಗುಂದ ರೈತ ಬಂಡಾಯದ ಹಿನ್ನೆಲೆಯಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಸ್ಥಾಪನೆಯಾಯಿತು. 1983ರಲ್ಲಿ ಕಾಂಗ್ರೆಸ್ ಸೋಲಿಗೆ ರೈತರ ಅಸಮಾಧಾನವೂ ಒಂದು ಕಾರಣವೆಂದು ಪರಿಗಣಿಸಲಾಗುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಕೆ.ಎಸ್. ಪುಟ್ಟಣ್ಣಯ್ಯ ಈ ಚಳವಳಿಯ ಪ್ರಮುಖ ನಾಯಕರಾಗಿದ್ದು, 1994ರಲ್ಲಿ ಪಾಂಡವಪುರದಿಂದ ಮತ್ತು 2013ರಲ್ಲಿ ಮೇಲುಕೋಟೆಯಿಂದ ವಿಧಾನಸಭೆಗೆ ಆಯ್ಕೆಯಾದರು. ಸಂಘವು ಗೆದ್ದ ಸ್ಥಾನಗಳು ಕೆಲವೇ ಆಗಿದ್ದರೂ ಕಬ್ಬಿನ ಬೆಲೆ, ಸಾಲ ವಸೂಲಿ, ವಿದ್ಯುತ್ ಪೂರೈಕೆಯ ವಿಷಯಗಳು ದೊಡ್ಡ ಪಕ್ಷಗಳ ಪ್ರಣಾಳಿಕೆಗಳಿಗೆ ಸೇರಲು ಅದು ಕಾರಣವಾಯಿತು.

ಮಿತಿಗಳು ಮತ್ತು ಟೀಕೆಗಳು

ಪಕ್ಷಗಳ ಪ್ರಭಾವಕ್ಕೆ ಹಲವು ಮಿತಿಗಳಿವೆ. ಮುಂಗಾರು ವಿಫಲವಾದರೆ ಜಲಾಶಯ ತುಂಬುವುದಿಲ್ಲ. ಸಕ್ಕರೆಯ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯೊಂದಿಗೆ ಏರಿಳಿಯುತ್ತದೆ. 2002ರಲ್ಲಿ ಕರ್ನಾಟಕ ಅಂಗೀಕರಿಸಿದ ವಿತ್ತೀಯ ಹೊಣೆಗಾರಿಕೆ ಕಾಯ್ದೆಯು ಸರ್ಕಾರ ಎಷ್ಟು ಸಾಲ ಮಾಡಬಹುದೆಂಬುದಕ್ಕೆ ಮಿತಿ ವಿಧಿಸುತ್ತದೆ.

ಮುಖ್ಯ ಟೀಕೆಗಳು ಹೀಗಿವೆ:

- ಪ್ರಾದೇಶಿಕ ಪಕ್ಷಪಾತ: 2018ರ ಸಮ್ಮಿಶ್ರ ಸರ್ಕಾರದ ಆಯವ್ಯಯವು ಮಂಡ್ಯ, ಹಾಸನ ಮತ್ತು ರಾಮನಗರ ಜಿಲ್ಲೆಗಳಿಗೆ ಆದ್ಯತೆ ನೀಡಿದೆ ಎಂದು ವಿರೋಧ ಪಕ್ಷವಾದ ಬಿಜೆಪಿ ಮತ್ತು ಉತ್ತರ ಕರ್ನಾಟಕದ ಶಾಸಕರು ಆಕ್ಷೇಪಿಸಿದರು.
- ನಿರಂತರತೆಯ ಕೊರತೆ: ಸರ್ಕಾರ ಬದಲಾದಾಗ ಘೋಷಿತ ಯೋಜನೆಗಳು ನಿಲ್ಲುತ್ತವೆ, ಹೊಸ ಸಕ್ಕರೆ ಕಾರ್ಖಾನೆಯ ಪ್ರಸ್ತಾವ ಇದಕ್ಕೆ ಉದಾಹರಣೆ.
- ತಕ್ಷಣದ ಫಲಕ್ಕೆ ಒಲವು: ಯಂತ್ರೋಪಕರಣದ ನವೀಕರಣ, ನಾಲೆಯ ದುರಸ್ತಿ, ಮಣ್ಣಿನ ಸಂರಕ್ಷಣೆಯಂತಹ ದೀರ್ಘಾವಧಿ ಕೆಲಸಗಳಿಗಿಂತ ಮನ್ನಾ ಮತ್ತು ಪರಿಹಾರಗಳಿಗೆ ಹೆಚ್ಚು ಗಮನ ದೊರೆಯುತ್ತದೆ.
- ಬೆಳೆ ವೈವಿಧ್ಯದ ನಿರ್ಲಕ್ಷ್ಯ: ಕಬ್ಬು ಮತ್ತು ಭತ್ತದ ಬೆಲೆ, ನೀರಿನ ಬೇಡಿಕೆಗಳ ಸುತ್ತಲೇ ಚುನಾವಣಾ ರಾಜಕೀಯ ನಡೆಯುವುದರಿಂದ ಕಡಿಮೆ ನೀರಿನ ಬೆಳೆಗಳತ್ತ ಬದಲಾವಣೆ ನಿಧಾನವಾಗಿದೆ.

ಮಂಡ್ಯದ ಅನುಭವದಲ್ಲಿ ಪಕ್ಷಗಳ ಸ್ಪರ್ಧೆಯಿಂದ ಹೆಚ್ಚು ಕಾಲ ಉಳಿದಿರುವುದು ಹಾಲಿನ ಪ್ರೋತ್ಸಾಹಧನ, ಗಣಕೀಕೃತ ಪಹಣಿಯಂತಹ, ಯಾವ ಪಕ್ಷ ಬಂದರೂ ನಿಲ್ಲಿಸಲಾಗದ ವ್ಯವಸ್ಥೆಗಳು. ಸರ್ಕಾರಿ ಕಾರ್ಖಾನೆಯಂತಹ, ನಿತ್ಯದ ವೃತ್ತಿಪರ ಆಡಳಿತವನ್ನು ಬೇಡುವ ಉದ್ಯಮಗಳಲ್ಲಿ ಅದೇ ಸ್ಪರ್ಧೆಯು ಅಸ್ಥಿರತೆಯನ್ನು ತಂದಿದೆ. ಕಾರ್ಖಾನೆಯ ಮಾರಾಟ ಅಥವಾ ಗುತ್ತಿಗೆಯನ್ನು ತಡೆದು ಉಳಿಸಿಕೊಂಡುದೂ ಅದೇ ಸ್ಪರ್ಧೆಯೇ ಆಗಿದೆ.

ಇವನ್ನೂ ನೋಡಿ

- ಮಂಡ್ಯ ಜಿಲ್ಲೆ
- ಮದ್ದೂರು
- ಕೃಷ್ಣರಾಜಸಾಗರ
- ಶಿವಪುರ ಧ್ವಜ ಸತ್ಯಾಗ್ರಹ
- ಕಾವೇರಿ ನದಿ ನೀರು ವಿವಾದ
- ಕರ್ನಾಟಕ ರಾಜ್ಯ ರೈತ ಸಂಘ